ಮಾಮಾನ ತುರ್ಕಿ ಕಣ್ಣು

ಗಾಡಿ ಇಲ್ಲದ ಟ್ರಾವೆಲ್ಸ್ ಎಂದು ಬೆಟಗೇರಿಯ ಮಂದಿ ಶಫೀಕನಿಗೆ ಹೆಸರಿಟ್ಟು ಆರು ವರ್ಷವಾಗಿತ್ತು. ಹೆಸರೇನೂ ಸುಳ್ಳಲ್ಲ. ಅವನ ಅಂಗಡಿಯ ಮೇಲೆ ವಿಮಾನದ ಚಿತ್ರವಿರುವ ಬೋರ್ಡಿತ್ತು. ಒಳಗೆ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಯ ತುಂಬ ಪರದೇಶದ ಫೋಟೊಗಳು. ಗಾಡಿ ಮಾತ್ರ ಇರಲಿಲ್ಲ. ಮದುವೆ ದಿಬ್ಬಣಕ್ಕೆ ಟೆಂಪೊ ಕೇಳಿಕೊಂಡು ಬಂದವರಿಗೆ ಅವನು ಬೇರೆಯವರ ಟೆಂಪೊ ಗೊತ್ತುಮಾಡಿ ಕೊಡುತ್ತಿದ್ದ. ದಿಬ್ಬಣದವರು ಡ್ರೈವರನನ್ನು ಕರೆದು ಊಟಕ್ಕೆ ಕೂರಿಸುತ್ತಿದ್ದರು, ಶಫೀಕನನ್ನು ಮರೆತುಬಿಡುತ್ತಿದ್ದರು. ವಿಮಾನದ ಬೋರ್ಡು ಹಾಕಿಕೊಂಡವನು ಸ್ವತಃ ಒಮ್ಮೆಯೂ ವಿಮಾನ ಹತ್ತಿರಲಿಲ್ಲ ಎಂಬುದು ಬೇರೆ ಮಾತು. ಅದು ಅವನಿಗೆ ಬೇಕಾಗಿಯೂ ಇರಲಿಲ್ಲ. ಅವನಿಗೆ ಬೇಕಾದದ್ದು ಹದಿನೇಳು ಸೀಟಿನ, ಏಸಿ ಇರುವ, ಕಿಟಕಿಗೆ ನೀಲಿ ಪರದೆ ಕಟ್ಟಿದ ಒಂದು ಬಿಳಿ ಟೆಂಪೊ.

ಅದಕ್ಕೆ ಸಾಕಾಗುವಷ್ಟು ದುಡ್ಡು ಎರಡು ಓಣಿ ಆಚೆಯ ಬ್ಯಾಂಕಿನಲ್ಲಿ ತಣ್ಣಗೆ ಮಲಗಿತ್ತು. ಅದು ಅವನ ಸೋದರಮಾವ ಮಹಬೂಬಸಾಬನ ನಿವೃತ್ತಿಯ ದುಡ್ಡು. ಮಹಬೂಬಸಾಬ ಮೂವತ್ತೆರಡು ವರ್ಷ ಊರಿನ ವಾಲ್ವ್‌ಮನ್ ಆಗಿದ್ದವನು. ಓಣಿ ಓಣಿಗೆ ನೀರು ಬಿಡುವ ವಾಲ್ವುಗಳನ್ನು ತಿರುಗಿಸುವುದು ಅವನ ಕೆಲಸ. ನಲ್ಲಿಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ನೀರು ಕಾಣುವ ಊರಿನಲ್ಲಿ ಅಂಥವನಿಗೆ ಎಷ್ಟು ಮರ್ಯಾದೆ ಇರುತ್ತದೆಂದು ಹೇಳಬೇಕಿಲ್ಲ. ವಾಲ್ವು ತಿರುಗಿಸುವ ಮೊದಲು ಒಂದು ಬೊಗಸೆ ನೀರು ಬಾಯಿಗೆ ಹಾಕಿ, ಮುಕ್ಕಳಿಸಿ, ಉಗುಳಿ, ಇದು ಹೊಳೆಯದು, ಇದು ಇಂಥ ಓಣಿಯ ಬೋರಿನದು ಎಂದು ಹೇಳುತ್ತಿದ್ದ. ಸುತ್ತಲಿನ ಊರುಗಳಿಗೆ ಹೋದಾಗಲೂ ಅಲ್ಲಿಯ ನೀರಿನ ರುಚಿ ನೆನಪಿಟ್ಟುಕೊಂಡು ಬರುತ್ತಿದ್ದ. ಒಮ್ಮೆಯೂ ತಪ್ಪಿದವನಲ್ಲ ಎಂದು ಮುದುಕರು ಈಗಲೂ ಹೇಳುತ್ತಾರೆ.

ಈಗ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಎಡಗಣ್ಣು ಸಣ್ಣವನಿದ್ದಾಗಲೇ ಹೋಗಿತ್ತು. ಎರಡು ವರ್ಷದ ಹಿಂದೆ ಮನೆಯ ನೀರಿನ ತೊಟ್ಟಿ ತೊಳೆಯುವಾಗ ಬ್ಲೀಚಿಂಗ್ ಪೌಡರ್ ಹಾರಿ ಬಲಗಣ್ಣಿಗೆ ಬಿದ್ದು, ಕರಿಗುಡ್ಡೆಯ ಮೇಲೆ ಬೆಳ್ಳಗೆ ಹೂ ಬಿದ್ದಿತ್ತು. ಬೆಳಕು ಕತ್ತಲೆ ತಿಳಿಯುತ್ತಿತ್ತು, ಅಷ್ಟೇ. ಸತ್ತವರು ದಾನ ಕೊಟ್ಟ ಕಣ್ಣಿನ ಮುಂದಿನ ಪೊರೆ ತೆಗೆದು ಕೂರಿಸಿದರೆ ಮತ್ತೆ ಕಾಣುತ್ತದೆ ಎಂದು ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯವರು ಹೇಳಿ, ಸರದಿ ಪಟ್ಟಿಯಲ್ಲಿ ಅವನ ಹೆಸರು ಬರೆದುಕೊಂಡಿದ್ದರು. ಅರವತ್ತೊಂದನೆಯವನಾಗಿದ್ದ ಮಹಬೂಬಸಾಬ ಈ ಜನವರಿಯಲ್ಲಿ ನಾಲ್ಕನೆಯವನಾಗಿದ್ದ. ಇನ್ನೊಂದು ತಿಂಗಳೊಳಗೆ ಯಾವಾಗ ಬೇಕಾದರೂ ಫೋನ್ ಬರಬಹುದು, ಬಂದ ಮರುದಿನ ಬೆಳಿಗ್ಗೆಯೊಳಗೆ ಹಾಜರಿರಬೇಕು, ಇಲ್ಲದಿದ್ದರೆ ಕಣ್ಣು ಮುಂದಿನವರಿಗೆ ಹೋಗುತ್ತದೆ ಎಂದು ತಿಳಿಸಿದ್ದರು. ಅಲ್ಲಿ ಖರ್ಚೂ ಹೆಚ್ಚಿರಲಿಲ್ಲ. ಉಳಿಯುವ ದುಡ್ಡಿನಲ್ಲಿ ಓಣಿಗೆ ಒಂದು ನೀರಿನ ಟಾಕಿ ಕಟ್ಟಿಸುವುದಾಗಿ ಮಾಮಾ ಸಾರಿಬಿಟ್ಟಿದ್ದ.

ಟಾಕಿ! ನೀರೇ ಬರದ ಓಣಿಗೆ ಟಾಕಿ! ಶಫೀಕನ ಹೊಟ್ಟೆ ಉರಿದುಹೋಯಿತು. ಗಾಡಿಗೆಂದು ದುಡ್ಡು ಕೇಳಿದಾಗ ಮಾಮಾ ಕೊಟ್ಟ ಉತ್ತರ ಅವನ ಎದೆಯಲ್ಲಿ ಇನ್ನೂ ಚುಚ್ಚುತ್ತಿತ್ತು.

"ಗಾಡಿ ಓಡಸಾಕ ದಾರಿ ಗೊತ್ತಿರಬೇಕಲೇ. ನಿನಗ ಲಕ್ಷ್ಮೇಶ್ವರ ದಾಟಿದ್ರ ದಿಕ್ಕ ತಿಳಿಯಂಗಿಲ್ಲ."

ಈ ಮಾತಿನಿಂದಲೇ ಶಫೀಕನಿಗೆ ಉಪಾಯ ಹೊಳೆದದ್ದು. ದಿಕ್ಕು ತಿಳಿಯದವನು ತಾನಲ್ಲ. ದಿಕ್ಕು ತಿಳಿಯದವನು ಕಣ್ಣು ಕಾಣದವನು. ಅವನನ್ನು ಗಾಡಿಯಲ್ಲಿ ಕೂರಿಸಿ ಲಕ್ಷ್ಮೇಶ್ವರ ದಾಟಿಸಿದರೆ ಎಲ್ಲಿಗೆ ಬೇಕಾದರೂ ಬಂದೆವೆಂದು ಹೇಳಬಹುದು.

ಪರದೇಶದಲ್ಲಿ ಚಿಕಿತ್ಸೆ ಪಡೆಯುವ ರೋಗಿಯ ಕಾಗದಪತ್ರಗಳ ವಿಷಯ ಶಫೀಕನಿಗೆ ಚೆನ್ನಾಗಿ ಗೊತ್ತಿತ್ತು. ಹಿಂದೆ ಗದಗಿನ ಕಾಳಿನ ವ್ಯಾಪಾರಿಯೊಬ್ಬರು ವಿಚಾರಿಸಿದ್ದಾಗ ಒಂದು ವಾರ ಕೂತು ಎಲ್ಲವನ್ನೂ ಓದಿಕೊಂಡಿದ್ದ. ಆಸ್ಪತ್ರೆಯ ಆಹ್ವಾನ ಪತ್ರ, ರೋಗಿಯ ವೀಸಾ, ಜೊತೆಗೆ ಹೋಗುವವನ ವೀಸಾ, ವಿಮೆ, ದುಭಾಷಿ, ಗಾಲಿಕುರ್ಚಿ, ಒಂದನ್ನೂ ಬಿಟ್ಟಿರಲಿಲ್ಲ. ಆ ವ್ಯಾಪಾರಿ ಕೊನೆಗೆ ಹುಬ್ಬಳ್ಳಿಯ ಏಜೆಂಟರ ಕಡೆ ಹೋದರು. ಓದಿದ್ದು ಹಾಗೇ ಉಳಿದಿತ್ತು. ಈಗ ಅದಕ್ಕೆ ಕಾಲ ಬಂದಿತ್ತು. ತನಗೆ ಇಷ್ಟು ತಲೆ ಇದ್ದೂ ಬೆಟಗೇರಿಯಲ್ಲಿ ಕೂತಿದ್ದೇನಲ್ಲ ಎಂದು ಅವನಿಗೆ ಸ್ವಲ್ಪ ದುಃಖವೂ ಆಯಿತು.

ಮಾಮಾ ಹೆಂಡತಿ ಸತ್ತ ಮೇಲೆ ತಂಗಿ ಜನ್ನತಬಿಯ ಮನೆಯಲ್ಲೇ ಊಟ ಮಾಡುತ್ತಿದ್ದ. ಜನ್ನತಬಿ ಶಫೀಕನ ತಾಯಿ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಶಫೀಕ ಮಾತು ತೆಗೆದ.

"ಹುಬ್ಬಳ್ಳ್ಯಾಗ ಯಾರ ಕಣ್ಣ ಕೊಡ್ತಾರೋ ಏನೋ ಮಾಮಾ. ತುರ್ಕಿ ದೇಶದಾಗ ಸರದಿನ ಇಲ್ಲ. ಹೋದ ಮರುದಿವಸನ ಹಾಕ್ತಾರ. ಫಾರಿನ್ ಕಣ್ಣು, ಇಪ್ಪತ್ತ ವರ್ಷ ಗ್ಯಾರಂಟಿ."

"ಆ ಕಣ್ಣಿಗೆ ಕನ್ನಡಾ ಓದಾಕ ಬರ್ತೈತೇನೊ?" ಎಂದಳು ಜನ್ನತಬಿ ನಿಜವಾದ ಆತಂಕದಿಂದ.

ಮಾಮಾ ನಕ್ಕ. ಮೂರನೆಯ ದಿನ ಶಫೀಕನ ಕೈ ತಡವಿ ಹಿಡಿದುಕೊಂಡು, "ಸರದಿ ಕಾಯ್ದು ಕಾಯ್ದು ಸಾಕಾಗೈತಲೇ. ಸಾಯೂದರಾಗ ಒಮ್ಮೆ ಎಲ್ಲಾರ ಮಾರಿ ನೋಡಬೇಕು. ನೀ ಕರಕೊಂಡ ಹೊಕ್ಕೇನಿ ಅಂದ್ರ ನಡಿ," ಎಂದ. ಶಫೀಕ ಆ ಕೈಯನ್ನು ತಾನೂ ಒತ್ತಿ ಹಿಡಿದ. ಆಮೇಲೆ ನೀಲಿ ಪರದೆಗಳು ನೆನಪಾದವು.

ತುರ್ಕಿಯನ್ನು ಅವನು ಸುಮ್ಮನೆ ಆರಿಸಿರಲಿಲ್ಲ. ನಾಟಕ ನಡೆಯುವುದು ಮುಂಡರಗಿಯಲ್ಲಿ, ಊರ ಹೊರಗೆ ಹೊಲಗಳ ಪಕ್ಕ ಹೊಸದಾಗಿ ಕಟ್ಟಿ ಬಾಡಿಗೆಗೆ ಬಿಟ್ಟಿದ್ದ ಮನೆಯಲ್ಲಿ. ಅಲ್ಲಿಗೆ ಮಸೀದಿಯ ಅಜಾನ್ ಕೇಳಿಸುತ್ತದೆ. ಬೇರೆ ದೇಶದ ಹೆಸರು ಹೇಳಿದ್ದರೆ ಅದಕ್ಕೊಂದು ಕಾರಣ ಹುಡುಕಬೇಕಾಗುತ್ತಿತ್ತು. ತುರ್ಕಿಯಲ್ಲಾದರೆ ಅಜಾನ್ ಕೇಳದಿದ್ದರೇ ಅನುಮಾನ. ಜನವರಿಯ ಥಂಡಿಯೂ ಅನುಕೂಲ, ಜೊತೆಗೆ ಏಸಿ ಹಾಕಿದರಾಯಿತು. ನಾಯಿಗಳ ಚಿಂತೆ ಇರಲಿಲ್ಲ, ಅವು ಎಲ್ಲ ದೇಶದಲ್ಲೂ ಒಂದೇ ಭಾಷೆಯಲ್ಲಿ ಬೊಗಳುತ್ತವೆ. ಕಿಟಕಿಗಳಿಗೆ ಥರ್ಮಕೋಲು ಬಡಿದ. ನೆಲಕ್ಕೆ ದಿನಕ್ಕೆರಡು ಸಲ ಫಿನೈಲು. ರೊಟ್ಟಿ, ಝುಣಕದ ವಾಸನೆ ಬರಕೂಡದೆಂದು ಊಟಕ್ಕೆ ಬ್ರೆಡ್ಡು, ಮೊಸರು, ಸೌತೆಕಾಯಿ ಮತ್ತು ಸ್ವಲ್ಪ ಅನ್ನ ಗೊತ್ತುಮಾಡಿದ.

ಎಲ್ಲಕ್ಕಿಂತ ಹೆಚ್ಚಾಗಿ ತಲೆ ಓಡಿಸಿದ್ದು ನೀರಿನ ವಿಷಯದಲ್ಲಿ. ಮಾಮಾನ ನಾಲಗೆಯ ಖ್ಯಾತಿ ಅವನಿಗೆ ಗೊತ್ತಿಲ್ಲದ್ದೇನು? ಹುಬ್ಬಳ್ಳಿಯಿಂದ ನಲವತ್ತು ಕ್ಯಾನು ಬಾಟಲಿ ನೀರು ತರಿಸಿ ಪೇರಿಸಿದ. ಕುಡಿಯಲು ಅದೇ, ಚಹಾಕ್ಕೆ ಅದೇ, ಅನ್ನಕ್ಕೆ ಅದೇ. ಬೆಳಿಗ್ಗೆ ಹಲ್ಲುಜ್ಜಿ ಬಾಯಿ ತೊಳೆಯಲೂ ಬಾಟಲಿಯನ್ನೇ ಕೈಗೆ ಕೊಡಬೇಕೆಂದು ತಾಕೀತು ಮಾಡಿದ. ಇಷ್ಟು ಮುಂದಾಲೋಚನೆ ಪೊಲೀಸರಿಗೂ ಇರುವುದಿಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ನಮಾಜಿನ ದಿಕ್ಕನ್ನೂ ಅವನು ಮರೆಯಲಿಲ್ಲ. ನಮ್ಮ ಕಡೆ ಮಕ್ಕಾ ಪಶ್ಚಿಮಕ್ಕೆ. ತುರ್ಕಿಯಲ್ಲಿ ಬೇರೆ ದಿಕ್ಕು. ಆದರೆ ಕಾಣದವನಿಗೆ ಯಾವುದಾದರೇನು, ಇಲ್ಲಿ ನಿಲ್ಲಿರಿ ಎಂದರೆ ಆಯಿತು. ಅವನು ನಮಾಜಿನ ಚಾಪೆಯನ್ನು ನಿಜವಾದ ಪಶ್ಚಿಮಕ್ಕೇ ಹಾಸಿದ. ತಾನು ವರ್ಷಕ್ಕೆರಡು ಸಲ, ಎರಡು ಈದಿಗೆ ಮಾತ್ರ ಈದಗಾಕ್ಕೆ ಹೋಗುವವನಾದರೂ ಮಾಮಾನ ನಮಾಜು ಕೆಡಿಸುವಷ್ಟು ಪಾಪಿಯಲ್ಲ ಎಂಬ ಸಮಾಧಾನ ಅವನಿಗಿತ್ತು.

ಕಾಗದಗಳು ಇನ್ನೂ ಸುಲಭವಾಗಿ ಮುಗಿದವು. ಮಾಮಾನ ಖಾತೆಯಿಂದ ದುಡ್ಡು ಟೆಂಪೊ ಮಾರುವವರಿಗೆ ಹೋಯಿತು, ಗಾಡಿ ಮಾಮಾನ ಹೆಸರಿಗೇ ಬಂತು. ಅವನ ದುಡ್ಡು, ಅವನ ಗಾಡಿ, ಬ್ಯಾಂಕಿನವರು ಕೇಳುವುದಕ್ಕೆ ಏನಿದೆ? ಅದೇ ಹೊತ್ತಿನಲ್ಲಿ ಗಾಡಿಯನ್ನು ಶಫೀಕನ ಹೆಸರಿಗೆ ವರ್ಗಾಯಿಸುವ ಫಾರ್ಮಿಗೂ ಸಹಿ ಮಾಡಿಸಿಟ್ಟುಕೊಂಡ. ಎಲ್ಲವೂ ತುರ್ಕಿ ಆಸ್ಪತ್ರೆಯ ಕಾಗದಗಳೇ ಎಂದು ಮಾಮಾ ನಂಬಿದ್ದ. ಪಾಸ್‌ಪೋರ್ಟೆಂದು ಅವನ ಕೈಗೆ ಕೊಟ್ಟದ್ದು ರೆಕ್ಸಿನ್ ಕವರು ಹಾಕಿದ ಹಾಲಿನ ಡೇರಿಯ ಪಾಸ್‌ಬುಕ್ಕು. ಮಾಮಾ ಅದನ್ನು ಬೆರಳಿನಿಂದ ಸವರಿ, ಕಣ್ಣಿಗೊತ್ತಿಕೊಂಡು, ಜುಬ್ಬದ ಒಳಗಿಸೆಯಲ್ಲಿ ಹುಬ್ಬಳ್ಳಿ ಆಸ್ಪತ್ರೆಯ ಹಳೆಯ ಕಾರ್ಡಿನ ಜೊತೆ ಇಟ್ಟುಕೊಂಡ. ಮಾಮಾನ ಫೋನನ್ನು ಶಫೀಕ ತೆಗೆದುಕೊಂಡ. ಪರದೇಶದಲ್ಲಿ ಅದು ನಡೆಯುವುದಿಲ್ಲ, ತಾನೇ ನೋಡಿಕೊಳ್ಳುತ್ತೇನೆ ಎಂದ.

ಸಹಾಯಕ್ಕೆ ಇಬ್ಬರಿದ್ದರು. ಒಬ್ಬ ಹೊನ್ನೇಶ, ಬಾಗಿಲು ಮುಚ್ಚಿದ ನಾಟಕ ಕಂಪನಿಯ ನಟ, ಡ್ರೈವಿಂಗ್ ಲೈಸನ್ಸ್ ಇದ್ದವನು. ಪೈಲಟ್ಟೂ ಅವನೇ, ಡಾಕ್ಟರೂ ಅವನೇ. ಇನ್ನೊಬ್ಬಳು ಶಾಹಿಸ್ತಾ, ಮುಂಡರಗಿಯ ಹುಡುಗಿ, ನರ್ಸಿಂಗ್ ಕಲಿತು ಕೆಲಸವಿಲ್ಲದೆ ಕೂತಿದ್ದವಳು. ಅವಳಿಗೆ ಮಾತ್ರ ಶಫೀಕ ಬೇರೆ ಕತೆ ಹೇಳಿದ್ದ: ಮುದುಕನಿಗೆ ತಲೆ ಸರಿಯಿಲ್ಲ, ಕಣ್ಣು ಇನ್ನು ಬರುವುದಿಲ್ಲವೆಂದು ಡಾಕ್ಟರೇ ಹೇಳಿದ್ದಾರೆ, ಪರದೇಶದಲ್ಲಿ ಆಪರೇಷನ್ ಆಗಬೇಕೆಂಬುದು ಅವನ ಕೊನೆಯ ಆಸೆ. ಪಾಪ ಎಂದು ಅವಳು ಒಪ್ಪಿದ್ದಳು.

ಹೊರಟ ದಿನ ಜನ್ನತಬಿ ಶೇಂಗಾ ಹೋಳಿಗೆ ಕಟ್ಟಿಕೊಟ್ಟು, ಅಣ್ಣನ ಕೈ ಹಿಡಿದು ಅತ್ತಳು. ಬಿಳಿ ಟೆಂಪೊ ಗದಗ ದಾಟಿ ಲಕ್ಷ್ಮೇಶ್ವರದ ಕಡೆ ತಿರುಗಿತು. ಶಫೀಕ ಹುಬ್ಬಳ್ಳಿ ಬಂತು ಎಂದು ಹೇಳಿದ. ವಿಮಾನ ನಿಲ್ದಾಣವಾಗಿ ನಿಂತದ್ದು ಲಕ್ಷ್ಮೇಶ್ವರದ ಹೊರಗಿನ ಖಾಲಿ ಕಲ್ಯಾಣಮಂಟಪ. ನುಣುಪು ನೆಲ, ಮಾತಾಡಿದರೆ ಮಾರ್ದನಿ, ಮೂಲೆಯಲ್ಲಿಟ್ಟ ಮೊಬೈಲಿನಿಂದ ಇಂಗ್ಲಿಷ್ ಘೋಷಣೆ. ಬಾಡಿಗೆಯ ಗಾಲಿಕುರ್ಚಿಯಲ್ಲಿ ಮಾಮಾನನ್ನು ಮೂರು ಸುತ್ತು ಹಾಕಿಸಿದರು. ತಪಾಸಣೆಯೆಂದು ಹೊನ್ನೇಶ ಸೊಳ್ಳೆ ಬ್ಯಾಟನ್ನು ಅವನ ಮೈಯ ಸುತ್ತ ಚಟಚಟ ಅನ್ನಿಸಿದ. ಡೇರಿ ಪಾಸ್‌ಬುಕ್ಕಿನ ಮೇಲೆ ಅಂಗಡಿಯ ಸೀಲು ಠಪ್ಪೆಂದು ಬಿತ್ತು.

ಅದೇ ಟೆಂಪೊವನ್ನು ಹಿಂದಿನ ಬಾಗಿಲಿನಿಂದ, ಹಲಗೆಯ ಮೇಲೆ ಹತ್ತಿಸಿದರೆ ವಿಮಾನ. ಏಸಿ ಪೂರ್ತಿ ತೆರೆದರು. ಸೀಟಿನ ಕೆಳಗಿನ ಸ್ಪೀಕರಿನಲ್ಲಿ ಎಂಜಿನ್ನಿನ ಮೊರೆತ. ಮಾಮಾನ ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರಮಿಂಟು. ಶಿರಹಟ್ಟಿ ದಾಟಿದ ಮೇಲಿನ ಏರಿನಲ್ಲಿ ಹೊನ್ನೇಶ ಗಾಡಿಯನ್ನು ಒಮ್ಮೆಲೇ ಒದ್ದೋಡಿಸಿ, ಶಫೀಕ ಸೀಟನ್ನು ಹಿಂದಕ್ಕೆ ವಾಲಿಸಿದಾಗ ಮಾಮಾ ದುವಾ ಹೇಳುತ್ತ ಅವನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡ. ನೆಲ ಬಿಟ್ಟೆವು ಮಾಮಾ ಎಂದಾಗ ಶಫೀಕನಿಗೆ ತಾನೂ ಒಂದಿಷ್ಟು ಮೇಲೆ ಹೋದಂತೆ ಅನ್ನಿಸಿತು. ಅವನಿಗೂ ಅದು ಮೊದಲ ವಿಮಾನ.

ಒಂದೇ ಒಂದು ಕಡೆ ಎಡವಟ್ಟಾಯಿತು. ಬೆಳ್ಳಟ್ಟಿಯ ಹತ್ತಿರ ಜೋಳದ ಚೀಲ ಹೇರಿದ ಟ್ರ್ಯಾಕ್ಟರು ದಾರಿ ಬಿಡದೆ ನಿಂತಿತ್ತು. ಹೊನ್ನೇಶ ಅಭ್ಯಾಸಬಲದಿಂದ ಹಾರ್ನು ಒತ್ತಿಯೇ ಒತ್ತಿದ.

"ವಿಮಾನಕ್ಕೂ ಹಾರ್ನ್ ಇರ್ತೈತೇನಲೇ?" ಎಂದ ಮಾಮಾ.

"ಇರ್ತೈತಿ ಮಾಮಾ. ಮ್ಯಾಲೆ ಹಕ್ಕಿ ಭಾಳ."

ಮಾಮಾ ತಲೆಯಾಡಿಸಿದ. ಬೆಳ್ಳಟ್ಟಿಗೂ ಶಿರಹಟ್ಟಿಗೂ ನಡುವೆ ವಿಮಾನ ನಾಲ್ಕು ಸಲ ಓಡಾಡಿತು. ಫಾಯಿಲ್ ತಟ್ಟೆಯಲ್ಲಿ ಉಪ್ಪಿಟ್ಟು ಬಂತು. ಸಂಜೆಗೆ ಮುಂಚೆ ಮುಂಡರಗಿಯ ಹೊರಗಿನ ರೋಡ್ ಹಂಪುಗಳ ಮೇಲೆ ಧಡಧಡ ಇಳಿದು, ಎಲ್ಲರೂ ಇಸ್ತಾಂಬುಲ್ ತಲುಪಿದರು.

ಎರಡು ದಿನ ತಪಾಸಣೆ, ಮೂರನೆಯ ದಿನ ಆಪರೇಷನ್. ಶಾಹಿಸ್ತಾಳಿಗೆ ಶಫೀಕ ನಾಲ್ಕು ತುರ್ಕಿ ಶಬ್ದ ಕಲಿಸಿದ್ದ, ಹೊನ್ನೇಶನಿಗೆ ಎರಡು. ಹೊನ್ನೇಶ ಎರಡಕ್ಕೆ ನಿಲ್ಲುವವನಲ್ಲ. ಮಾಸ್ಕು, ಟೊಪ್ಪಿಗೆ ಹಾಕಿಕೊಂಡು ಬಂದವನೇ ಯಾವುದೋ ಹಳೆಯ ನಾಟಕದ ಖಳನಾಯಕನ ಧಾಟಿಯಲ್ಲಿ ಇಲ್ಲದ ಭಾಷೆಯೊಂದನ್ನು ಹತ್ತು ನಿಮಿಷ ಗುಡುಗಿದ. ಶಫೀಕ ಅದನ್ನು, "ಹೆದರಬ್ಯಾಡ್ರಿ ಅಂತಾರ," ಎಂದು ಅನುವಾದಿಸಿದ. ಕೆನ್ನೆ ಜೋಮು ಹಿಡಿಯುವವರೆಗೆ ಮಂಜುಗಡ್ಡೆ ಇಟ್ಟರು. ಚಮಚ, ಕತ್ತರಿಗಳನ್ನು ತಟ್ಟೆಯಲ್ಲಿ ಕಿಣಿಕಿಣಿ ಅನ್ನಿಸಿದರು. ಕಣ್ಣಿಗೆ ಯಾರೂ ಏನೂ ಮಾಡಲಿಲ್ಲ. ಅದೊಂದು ವಿಷಯದಲ್ಲಿ ಶಫೀಕ ಕಟ್ಟುನಿಟ್ಟಾಗಿದ್ದ. ಬಲಗಣ್ಣಿಗೆ ದಪ್ಪ ಪಟ್ಟಿ ಕಟ್ಟಿ, ಹನ್ನೆರಡನೆಯ ದಿನ ಬಿಚ್ಚುವುದೆಂದು ಹೇಳಿದರು. ಆ ದಿನ ಡಾಕ್ಟರು ತಲೆ ತಗ್ಗಿಸುತ್ತಾರೆ, ನಿಮ್ಮ ಮೈ ಪರದೇಶದ ಕಣ್ಣನ್ನು ಒಪ್ಪಲಿಲ್ಲ ಎನ್ನುತ್ತಾರೆ, ಅಲ್ಲಾನ ಮರ್ಜಿ ಎಂದು ಎಲ್ಲರೂ ಬೆಟಗೇರಿಗೆ ಮರಳುತ್ತಾರೆ. ಆಸ್ಪತ್ರೆಯನ್ನು ದೂರುವಂತಿಲ್ಲ, ಶಫೀಕನನ್ನಂತೂ ದೂರುವಂತೆಯೇ ಇಲ್ಲ.

ಮಾಮಾ ಎಲ್ಲದಕ್ಕೂ ಸುಮ್ಮನೆ ಒಪ್ಪಿಕೊಳ್ಳುತ್ತಿದ್ದ. ಬ್ರೆಡ್ಡು ತಿಂದ, ಬಾಟಲಿ ನೀರು ಕುಡಿದ. ಐದು ಹೊತ್ತೂ ಅಜಾನ್ ಕೇಳಿದೊಡನೆ ಗೋಡೆ ಹಿಡಿದುಕೊಂಡು ತಾನೇ ಬಚ್ಚಲಿಗೆ ಹೋಗಿ ಬಂದು, ಚಾಪೆಯ ಮೇಲೆ ನಿಲ್ಲುತ್ತಿದ್ದ. ಎಷ್ಟು ಸಾಧು ಮನುಷ್ಯ ಎಂದು ಶಫೀಕನಿಗೆ ಅವನ ಮೇಲೆ ನಿಜಕ್ಕೂ ಪ್ರೀತಿ ಬಂತು.

ನಾಲ್ಕನೆಯ ದಿನ ಫೋನ್ ಬಂತು. ಕಲಬುರಗಿ ದರ್ಗಾಕ್ಕೆ, ಅಲ್ಲಿಂದ ಹೈದರಾಬಾದಿಗೆ, ಹದಿನಾರು ಮಂದಿ, ಆರು ದಿನ. ಟೆಂಪೊದ ಮೊಟ್ಟಮೊದಲ ಬಾಡಿಗೆ. ಮುದುಕ ಪಟ್ಟಿ ಕಟ್ಟಿಕೊಂಡು ಮಲಗಿದ್ದಾನೆ, ಶಾಹಿಸ್ತಾ ಇದ್ದಾಳೆ. ಆರು ದಿನ ತಾನು ಇಲ್ಲಿದ್ದು ಮಾಡುವುದೇನು? ತುರ್ಕಿ ಸರಕಾರದ ಕಚೇರಿಯಲ್ಲಿ ವೀಸಾದ ಕೆಲಸವಿದೆ ಎಂದು ಮಾಮಾನಿಗೆ ಹೇಳಿ, ಹೊನ್ನೇಶನನ್ನು ಕರೆದುಕೊಂಡು ಹೊರಟ. ಹೋಗುವ ಮುನ್ನ ಕಾಗದಗಳ ಫೈಲನ್ನು ಹಾಸಿಗೆಯ ಕೆಳಗೆ ಭದ್ರವಾಗಿ ಇಟ್ಟ.

ಆ ಆರು ದಿನ ಅವನ ಬದುಕಿನ ಅತ್ಯಂತ ಒಳ್ಳೆಯ ದಿನಗಳು. ಊಟಕ್ಕೆ ಅವನನ್ನು ಕರೆದು ಕೂರಿಸಿದರು. ದರ್ಗಾದ ಮುಂದೆ ಟೆಂಪೊಕ್ಕೆ ಹೂವಿನ ಹಾರ ಹಾಕಿದರು. ಅಲ್ಲೇ, ಹಾರದ ಪಕ್ಕ ನಿಂತಿದ್ದಾಗ, ಮಾಮಾನ ಫೋನು ಅವನ ಕಿಸೆಯಲ್ಲಿ ರಿಂಗಾಯಿತು. ಹುಬ್ಬಳ್ಳಿಯ ಆಸ್ಪತ್ರೆಯ ಹೆಣ್ಣುಮಗಳ ಧ್ವನಿ.

"ಮಹಬೂಬಸಾಬ ಅವರದಾ ನಂಬರ್ರೀ? ಅವರ ಸರದಿ ಬಂದೈತ್ರಿ. ನಾಳಿ ಮುಂಜಾನೆ ಒಳಗ ಬರಬೇಕು."

ಶಫೀಕ ಕಣ್ಣು ಮುಚ್ಚಿದ. ಇದಕ್ಕೂ ಅವನು ತಯಾರಾಗಿದ್ದ. "ಪೇಷಂಟ್ ಫಾರಿನ್ನಿಗೆ ಹೋಗ್ಯಾರ್ರಿ. ಬರಾಕ ಆಗೂದಿಲ್ಲ," ಎಂದ. ಉದ್ದಕ್ಕೆ ವಿವರಿಸಬೇಕಾದೀತು ಅಂದುಕೊಂಡಿದ್ದ, ಆದರೆ ಆಕೆ ಆತ್ರಿ ಎಂದು ಇಟ್ಟುಬಿಟ್ಟಳು. ಎರಡು ವರ್ಷ ಕಾದ ಕಣ್ಣು ಎರಡು ನಿಮಿಷದಲ್ಲಿ ಹೋಯಿತು. ಅವನಿಗೆ ನಿಜವಾಗಿಯೂ ಕೆಡುಕೆನಿಸಿತು. ದರ್ಗಾದೊಳಗೆ ಹೋಗಿ ಮಾಮಾನ ಹೆಸರಿನಲ್ಲಿ ಒಂದು ಚಾದರ ಅರ್ಪಿಸಿದ. ಹೊರಗೆ ಬಂದಾಗ ಟೆಂಪೊ ಬಿಸಿಲಿಗೆ ಹೊಳೆಯುತ್ತಿತ್ತು, ಮನಸ್ಸು ಹಗುರವಾಯಿತು.

ಹತ್ತನೆಯ ದಿನ ಇಸ್ತಾಂಬುಲಿಗೆ ಹಿಂತಿರುಗಿದಾಗ ಎಲ್ಲ ಹೇಗಿತ್ತೋ ಹಾಗೇ ಇತ್ತು. ಮಾಮಾನ ಕಣ್ಣಿನ ಪಟ್ಟಿ ಮಾತ್ರ ಹೊಸದಾಗಿ, ಮೊದಲಿಗಿಂತ ಅಚ್ಚುಕಟ್ಟಾಗಿ ಕಟ್ಟಿತ್ತು. ಹುಡುಗಿ ಕೆಲಸದವಳು ಎಂದು ಶಫೀಕ ಮೆಚ್ಚಿಕೊಂಡ. ಅಡುಗೆಮನೆಯಲ್ಲಿ ಎಣ್ಣೆಗಾಯಿಯ ವಾಸನೆ ಬಂದಾಗ ಮಾತ್ರ ಸಿಡುಕಿದ. ಅದು ನನ್ನ ಡಬ್ಬಿ ಎಂದಳು ಶಾಹಿಸ್ತಾ, ಅವನ ಮುಖ ನೋಡದೆ. ಮಾಮಾನಿಗೆ ಬ್ರೆಡ್ಡು ಒಗ್ಗಿದೆಯೋ ಎಂದು ಕೇಳಿದರೆ, ಒಗ್ಗಿದೆ, ಈಚೆಗೆ ಮೈ ತುಂಬಿಕೊಂಡಿದ್ದಾರೆ ಎಂದಳು. ಹೌದು, ಮಾಮಾನ ಕೆನ್ನೆ ಸ್ವಲ್ಪ ತುಂಬಿಕೊಂಡಿತ್ತು. ತುರ್ಕಿಯ ಹವೆ ಒಳ್ಳೆಯದು ಎಂದು ಶಫೀಕ ತನಗೇ ಗೊತ್ತಿಲ್ಲದೆ ಅಂದುಕೊಂಡ.

ಹನ್ನೆರಡನೆಯ ದಿನ ಮಧ್ಯಾಹ್ನಕ್ಕೆ ಮುಂಚೆ ಪಟ್ಟಿ ಬಿಚ್ಚುವ ಕಾರ್ಯಕ್ರಮ. ಶಫೀಕ ಬೆಳಿಗ್ಗೆಯಿಂದ ಕನ್ನಡಿಯ ಮುಂದೆ ದುಃಖದ ಮುಖ ಅಭ್ಯಾಸ ಮಾಡಿದ್ದ. ಹೊನ್ನೇಶ ಮಾಸ್ಕು ಹಾಕಿಕೊಂಡು ಬಂದು ಒಂದಿಷ್ಟು ಗುಡುಗಿ, ನಿಧಾನಕ್ಕೆ ಪಟ್ಟಿ ಸುತ್ತು ಬಿಚ್ಚಿದ. ಶಾಹಿಸ್ತಾ ಬಾಗಿಲ ಹತ್ತಿರ ನಿಂತಿದ್ದಳು. ಕೊನೆಯ ಹತ್ತಿ ಎದ್ದಿತು. ಶಫೀಕ ಅಲ್ಲಾನ ಮರ್ಜಿ ಎನ್ನಲು ಬಾಯಿ ತೆರೆದ.

ಮಾಮಾ ಕಣ್ಣು ಬಿಟ್ಟ. ಅಲ್ಲಿ ಬಿಳಿ ಹೂ ಇರಲಿಲ್ಲ. ಸ್ವಲ್ಪ ಕೆಂಪೇರಿದ, ಅಂಚಿನಲ್ಲಿ ಕೂದಲಿನಂಥ ಹೊಲಿಗೆ ಇದ್ದ ಒಂದು ಕಪ್ಪು ಕಣ್ಣು. ಅದು ಹೊನ್ನೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿತು, ಕಿಟಕಿಯ ಥರ್ಮಕೋಲನ್ನು ನೋಡಿತು, ಆಮೇಲೆ ಕಿರಿದಾಗಿ ಶಫೀಕನ ಮೇಲೆ ನಿಂತಿತು.

"ಲೇ ಶಫೀಕ, ಅಂಗಿ ಗುಂಡಿ ಒಂದ ಮನಿ ತಪ್ಪಿಸಿ ಹಾಕೀದಿ ನೋಡು."

ಶಫೀಕ ಬಗ್ಗಿ ನೋಡಿಕೊಂಡ. ಹೌದು, ಹಾಗೇ ಇತ್ತು. ಅವನ ತಲೆಯಲ್ಲಿ ಮೊದಲು ಬಂದ ಯೋಚನೆಯೆಂದರೆ ಆಪರೇಷನ್ ಯಶಸ್ವಿಯಾಯಿತು ಎಂಬುದು. ಎದೆ ಉಬ್ಬಿಯೂ ಬಂತು. ಹೊನ್ನೇಶ ತನ್ನ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

"ಅವನ ಕೈಯಾಗ ಏನಿಲ್ಲ ಬಿಡು," ಎಂದ ಮಾಮಾ. "ಹುಬ್ಬಳ್ಳ್ಯಾಗ ಹಾಕಿಸ್ಕೊಂಡ ಬಂದೆ. ತುರ್ಕಿಯಿಂದ ಹುಬ್ಬಳ್ಳಿಗೆ ಕೆಂಪು ಬಸ್ಸಿನಾಗ ಹೋದ್ವಿ, ನಾನು ಶಾಹಿಸ್ತಾ. ಗದಗದಾಗ ಇಳದು ಬಸ್ ಬದಲಿ ಮಾಡಿದ್ವಿ. ಈಕಿ ನನ್ನ ಕಾರ್ಡ ನೋಡಿ ಮೊದಲನ ದವಾಖಾನಿಗೆ ಫೋನ್ ಮಾಡಿ, ಹಳೇ ನಂಬರಿನ ಮಾತ ನಂಬಬ್ಯಾಡ್ರಿ ಅಂತ ಹೇಳಿ, ತನ್ನ ನಂಬರ್ ಬರಸಿ ಇಟ್ಟಿದ್ಲು. ಸರದಿ ಬಂದ ಖಬರ ಈಕಿಗೂ ಬಂತು."

ಶಾಹಿಸ್ತಾ ಈಗ ಅವನ ಮುಖ ನೇರವಾಗಿ ನೋಡುತ್ತಿದ್ದಳು. "ತಲಿ ಸರಿ ಇಲ್ಲ ಅಂದಿದ್ರಿ. ಭಾಳ ಸರಿ ಐತ್ರಿ," ಎಂದಳು.

"ಹಾಸಿಗಿ ಬುಡಕಿನ ಫೈಲು ಈಕಿನ ಓದಿ ಹೇಳಿದ್ಲು," ಮಾಮಾ ಮುಂದುವರಿಸಿದ. "ಆ ವರ್ಗಾವಣಿ ಫಾರ್ಮ ಹರದ ಒಗದೇನಿ. ಗಾಡಿ ನಂದು. ಮಾರಿ ಟಾಕಿ ಕಟ್ಟಸ್ತೇನಿ. ಹೊರಗ ಇಬ್ಬರು ಪೊಲೀಸರು ಚಾ ಕುಡಕೋತ ಕುಂತಾರ. ನಿನ್ನ ಪಾಸ್‌ಪೋರ್ಟ ನೋಡಬೇಕಂತ."

ಹೊನ್ನೇಶ ಮಾಸ್ಕು ತೆಗೆದು ಕಿಸೆಗಿಟ್ಟುಕೊಂಡ. ಮೊರೆಯುವ ಸ್ಪೀಕರು, ಫಾಯಿಲ್ ತಟ್ಟೆ, ಕಲ್ಯಾಣಮಂಟಪದ ಘೋಷಣೆ, ಫಿನೈಲು, ಬ್ರೆಡ್ಡು, ಬಾಟಲಿ ನೀರು: ಶಫೀಕ ಒಂದೊಂದನ್ನೇ ಮನಸ್ಸಿನಲ್ಲಿ ತಿರುವಿ ಹಾಕಿದ. ಎಲ್ಲಿಯೂ ತೂತು ಕಾಣಲಿಲ್ಲ. ಹಾರ್ನು ಇರಬಹುದೇ?

"ಯಾವಾಗ ಗೊತ್ತಾತ್ರಿ ಮಾಮಾ?" ಎಂದು ಕೇಳಿದ. ಅಳು ಬಂದುಬಿಟ್ಟಿತ್ತು.

"ಬಂದ ದಿವಸನ. ಹಾರ್ನ್ ಹೊಡದಾಗೂ ನಿನ್ನ ನಂಬಿದ್ದೆನಲೇ."

ಅಷ್ಟರಲ್ಲಿ ದೂರದ ಮಸೀದಿಯಲ್ಲಿ ಮಧ್ಯಾಹ್ನದ ಅಜಾನ್ ಕೂಗಿತು. ಮಾಮಾ ಎದ್ದ, ಈ ಸಲ ಗೋಡೆ ಹಿಡಿಯಲಿಲ್ಲ. ತೋಳು ಮಡಚಿಕೊಂಡು ಬಚ್ಚಲಿಗೆ ಹೋಗಿ, ಬಾಗಿಲು ಮುಚ್ಚದೆ, ನಮಾಜಿಗೆ ಮೊದಲಿನ ವಜೂ ಮಾಡಲು ನಲ್ಲಿ ತಿರುಗಿಸಿದ. ಶಫೀಕ ನೋಡುತ್ತ ನಿಂತ. ವರ್ಷಕ್ಕೆರಡು ಸಲ ಈದಿಗೆ ಅವಸರದಲ್ಲಿ ತಾನೂ ಮಾಡಿದ್ದ ಕೆಲಸವೇ ಅದು, ಆದರೆ ಇಷ್ಟು ಗಮನವಿಟ್ಟು ಎಂದೂ ನೋಡಿರಲಿಲ್ಲ. ಮಾಮಾ ಮುಂಗೈಗಳನ್ನು ತೊಳೆದ. ಆಮೇಲೆ ಬೊಗಸೆಯಲ್ಲಿ ನಲ್ಲಿಯ ನೀರು ಹಿಡಿದು ಬಾಯಿಗೆ ಹಾಕಿ, ಮುಕ್ಕಳಿಸಿ, ಉಗುಳಿದ. ಮತ್ತೊಮ್ಮೆ ಹಾಕಿ ಉಗುಳಿದ. ಮೂರನೆಯ ಸಲ ನೀರನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, ಹಿಂದೆ ವಾಲ್ವಿನ ಮುಂದೆ ಕೂತು ಮಾಡುತ್ತಿದ್ದಂತೆ ಈ ದವಡೆಯಿಂದ ಆ ದವಡೆಗೆ ಹೊರಳಿಸಿ, ಉಗುಳಿ, ಹೊಸ ಕಣ್ಣಿನಿಂದ ಅಳಿಯನನ್ನು ನೋಡಿ ಹೇಳಿದ: "ಮುಂಡರಗಿ ಬೋರಿನ ನೀರು ಇನ್ನೂ ಸವುಳ ಐತಲೇ."